ಬಂದಳಿಕಿ ಔಷಧ

ನಮ್ಮ ಆಯಿ ತನ್ನ ಸಣ್ಣ ಸೊಸೆಯನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಯೇ ಇರಲಿಲ್ಲ. ಆಯಿ ಅಂದರೆ ನನ್ನ ಅಪ್ಪನ ತಾಯಿ. ಸಣ್ಣ ಸೊಸೆ ಅಂದರೆ ನನ್ನ ಚಿಗವ್ವ, ಅಪ್ಪನ ತಮ್ಮನ ಹೆಂಡತಿ, ಕಮಲಾಪುರದಿಂದ ಬಂದವಳು. ಗೌರಮ್ಮ ಎಂಬ ತುಂಬು ಹೆಸರು ಅವಳಿಗಿತ್ತು. ಕಾಕಾ ಪ್ಲೇಗಿನಲ್ಲಿ ತೀರಿಕೊಂಡ ಮೇಲೆ ಮಕ್ಕಳಿಲ್ಲದ ಚಿಗವ್ವ ತವರಿಗೆ ಹೋಗದೆ ನಮ್ಮಲ್ಲೇ ಉಳಿದಳು. ಆವತ್ತಿನಿಂದ ಆಯಿಯ ಬಾಯಲ್ಲಿ ಅವಳು ಬಂದಳಿಕಿ. ಮಾವಿನ ಮರಕ್ಕೋ ಹುಣಸೆ ಮರಕ್ಕೋ ಹತ್ತಿಕೊಂಡು ಅದರ ರಸದಲ್ಲೇ ಬದುಕುವ ಗಿಡಕ್ಕೆ ಬಂದಳಿಕೆ ಅನ್ನುತ್ತಾರಲ್ಲ, ಅದು. ‘ಆ ಬಂದಳಿಕಿಗಿ ಹೇಳ, ನೀರು ಕಾಸಂತ’ ಎಂದು ನನ್ನ ಕೈಯಲ್ಲೇ ಹೇಳಿಕಳಿಸುತ್ತಿದ್ದಳು. ಬೈಯುವ ದನಿಯಲ್ಲೂ ಅಲ್ಲ. ಆಡಿ ಆಡಿ ಅದು ಹೆಸರೇ ಆಗಿಹೋಗಿತ್ತು, ಅದಕ್ಕೇ ನನಗೆ ಹೆಚ್ಚು ಮೈ ಉರಿಯುತ್ತಿತ್ತು. ನಾನು ಹೋಗಿ ಆ ಮಾತನ್ನು ಬಿಟ್ಟು ಉಳಿದದ್ದಷ್ಟನ್ನೇ ಹೇಳಿದರೂ ಚಿಗವ್ವನಿಗೆ ಗೊತ್ತಾಗುತ್ತಿತ್ತು.

“ಹೆಸರು ನುಂಗಿದೇನ ನೀಲಾ? ಅಂದ್ರ ಅಂತಾರ ಬಿಡ. ಆಡೋರ ಬಾಯಿಗಿ ಅಗಳಿ ಹಾಕ್ಲಿಕ್ಕಾಗ್ತದೇನು?”

ನಮ್ಮ ಮನೆ ಕಲಬುರಗಿಯ ಗಂಜಿನ, ಅಂದರೆ ಕಾಳುಕಡಿಯ ಪೇಟೆಯ, ಬೆನ್ನಿಗೇ ಇತ್ತು. ಅಪ್ಪನದು ತೊಗರಿ ವ್ಯಾಪಾರ. ಸುಗ್ಗಿಯಲ್ಲಿ ತೊಗರಿಯ ಹೊಟ್ಟು ಹಾರಿ ಬಂದು ಹಾಸಿಗೆಯ ಮೇಲೆ, ಹಾಲಿನ ಮೇಲೆ, ದೇವರ ತಲೆಯ ಮೇಲೆ ಕೂಡುತ್ತಿತ್ತು. ಮುಂದೆ ಪಡಸಾಲೆ, ಅಲ್ಲಿ ಅಪ್ಪನ ಗಾದಿ. ನಡುವೆ ಅಂಗಳ, ಅದರ ಒಂದು ಬದಿಗೆ ಆಯಿಯ ಕೋಣೆ, ಎದುರಿಗೆ ಅಡುಗೆಮನೆ. ಹಿಂದೆ ಬಚ್ಚಲು, ಬೇವಿನ ಮರ, ಬಾವಿ. ಗಂಡಸರ ಲೋಕ ಪಡಸಾಲೆಯಲ್ಲಿ ಉರ್ದು ಬೆರೆಸಿ ಮಾತಾಡುತ್ತಿತ್ತು. ನಮ್ಮ ಲೋಕ ಅಂಗಳದಿಂದ ಹಿಂದಕ್ಕೆ. ಆ ಲೋಕದ ನಿಜಾಮ ಆಯಿ. ಬೆಳಗಿನ ಲಿಂಗಪೂಜೆ ಮುಗಿಸಿ ವಿಭೂತಿ ಹಣೆಯಲ್ಲಿ ತನ್ನ ಬಾಗಿಲ ಬಳಿ ಕಂಬಕ್ಕೆ ಬೆನ್ನು ಕೊಟ್ಟು ಕೂತಳೆಂದರೆ, ಎಲೆಸಂಚಿ ಬಿಚ್ಚಿ ತಂಬಾಕು ತಿಕ್ಕುತ್ತಾ, ಒಲೆಯ ಮೇಲಿನ ರೊಟ್ಟಿ ಯಾವ ಮಗ್ಗುಲು ಸೀಯುತ್ತಿದೆ ಎಂಬುದನ್ನೂ ಅಲ್ಲಿಂದಲೇ ಹೇಳುತ್ತಿದ್ದಳು. ಏಳುವುದು ಮಾತ್ರ ಅವಳಿಂದ ಆಗುತ್ತಿರಲಿಲ್ಲ. ಮೊಣಕಾಲು ಹಿಡಿದುಬಿಟ್ಟಿದ್ದವು. ಎಬ್ಬಿಸಲು ಒಂದು ಕಡೆ ಅವ್ವ, ಒಂದು ಕಡೆ ಚಿಗವ್ವ ಬೇಕು. ಎತ್ತುವಾಗ ಬಂದಳಿಕಿಯ ತೋಳು ಬೇಡವಾಗುತ್ತಿರಲಿಲ್ಲ ನೋಡಿ!

ಆ ಮೊಣಕಾಲಿನ ಸಲುವಾಗಿಯೇ ನಿಜವಾದ ಬಂದಳಿಕೆ ನಮ್ಮ ಮನೆಗೆ ಬಂತು. ಚಿಗವ್ವನ ಅಣ್ಣ ಶರಣಪ್ಪ ಕಮಲಾಪುರದಲ್ಲಿ ಕೆಂಪು ಬಾಳೆಯ ತೋಟ ಮಾಡಿಕೊಂಡಿದ್ದ. ವರ್ಷಕ್ಕೊಮ್ಮೆ ಮಹಾಗಾಂವದ ಹಾದಿಯಲ್ಲಿ ಬಂಡಿ ಹೊಡೆದುಕೊಂಡು ಬಂದು, ಒಂದು ಗೊನೆ ಇಳಿಸಿ, ತಂಗಿಯ ಮುಖ ನೋಡಿ ಹೋಗುತ್ತಿದ್ದ. ‘ಗೌರಾ’ ಎಂಬ ಹೆಸರು ನಮ್ಮ ಮನೆಯಲ್ಲಿ ಕೇಳುತ್ತಿದ್ದದ್ದು ಅವನು ಬಂದಾಗ ಮಾತ್ರ. ಅವ್ವ ಅವಳನ್ನು ತಂಗಿ ಎನ್ನುತ್ತಿದ್ದಳು, ನಾನು ಚಿಗವ್ವ, ಅಪ್ಪ ತಮ್ಮನ ಹೆಂಡತಿಯೊಡನೆ ಎದುರಿಗೆ ಮಾತೇ ಆಡುವವನಲ್ಲ. ಆ ಸಲ ಶರಣಪ್ಪ ಗೊನೆಯ ಜೊತೆಗೆ ಮೊಳದುದ್ದದ ಮಾವಿನ ಕೊಂಬೆಯನ್ನೂ ಒದ್ದೆ ಗೋಣಿಯಲ್ಲಿ ಸುತ್ತಿ ತಂದಿದ್ದ. ಕೊಂಬೆಗೆ ಒಂದು ಗಿಡ ಹತ್ತಿಕೊಂಡಿತ್ತು. ಎಲೆಗಳು ದಪ್ಪ, ಎರಡು ಸಾಲಾಗಿ ಜೋಡಿಸಿದಂತೆ. ಬೇರುಗಳು ಬೂದಿ ಬಣ್ಣ, ಗಾಳಿಯಲ್ಲಿ ಇಳಿಬಿದ್ದಿದ್ದವು, ನೀರು ತಾಗಿದರೆ ಹಸಿರಾಗುತ್ತಿದ್ದವು. ಇಂದಿನವರು ಆರ್ಕಿಡ್ ಎನ್ನುವ ಜಾತಿ ಅದು. ಮರದ ಮೇಲೆ ಕಂಡದ್ದಕ್ಕೆಲ್ಲ ಬಂದಳಿಕೆ ಎನ್ನುವ ನಮ್ಮವರು ಅದನ್ನೂ ಹಾಗೇ ಕರೆದರು. ಅದರ ಬೇರಿನ ಕಷಾಯ ಕೀಲು ನೋವಿಗೆ ಒಳ್ಳೆಯದು ಎಂದು ಶರಣಪ್ಪ ಹೇಳಿದ. ಆಯಿ ಕಂಬದ ಬಳಿಯಿಂದಲೇ ನೋಡಿದಳು.

“ಒಂದು ಬಂದಳಿಕಿ ಸಾಲ್ದು ಅಂತ ಇನ್ನೊಂದು ತಂದೇನಪ್ಪ ಶರಣಪ್ಪ?”

ಶರಣಪ್ಪ ತಲೆ ತಗ್ಗಿಸಿದ. ಚಿಗವ್ವ ಗಿಡದ ಧೂಳು ಒರೆಸುತ್ತಾ, ದನಿ ಏರಿಸದೆ ಅಂದಳು.

“ಇದು ಮಂದೀದು ಕುಡಿಯಂಗಿಲ್ರಿ ಅತ್ತಿ. ಕುಂದರ್ಲಿಕ್ಕ ಜಾಗಾ ಇದ್ರ ಸಾಕು, ಗಾಳಿ ನೀರಿನ ಮ್ಯಾಲ ಬದಕ್ತದ.”

ಆಯಿಗೆ ತಿಳಿಯದೆ ಇರಲಿಲ್ಲ. ತಂಬಾಕು ತಿಕ್ಕುವ ಹೆಬ್ಬೆರಳು ಒಂದು ಗಳಿಗೆ ನಿಂತಿತು, ಆಮೇಲೆ ಮತ್ತೆ ತಿಕ್ಕತೊಡಗಿತು.

ಚಿಗವ್ವ ಆ ಕೊಂಬೆಯನ್ನು ಬಚ್ಚಲ ಪಕ್ಕದ ಬೇವಿನ ಮರಕ್ಕೆ ಕಟ್ಟಿದಳು, ಸ್ನಾನದ ನೀರಿನ ಹಬೆ ಅದಕ್ಕೆ ತಾಗುವಂತೆ. ನಮ್ಮ ಊರಿನ ಬಿಸಿಲು ಗೊತ್ತಲ್ಲ, ಕಲ್ಲು ಸೀಳುವ ಬಿಸಿಲು. ಅದು ಏರುವ ಮೊದಲೇ ಗೋಣಿತಟ್ಟು ತೊಯ್ಸಿ ಸುತ್ತಲೂ ಹೊದಿಸುತ್ತಿದ್ದಳು. ಮರುವರ್ಷ ಬೇಸಿಗೆಯಲ್ಲಿ ಅದು ಹೂ ಬಿಟ್ಟಿತು. ಹಳದಿಯ ಮೇಲೆ ಕಂದು ಬಣ್ಣದ ಚೌಕಳಿ, ನಡುವೆ ನೇರಳೆ ನಾಲಿಗೆ. ಬೆಳಗ್ಗೆ ಹಲ್ಲುಜ್ಜಲು ಹೋದವರು ಆ ವಾಸನೆಗೆ ನಿಂತುಬಿಡುತ್ತಿದ್ದರು. ಗಿಡದಿಂದ ಕೊಯ್ದ ಬೇರುಗಳನ್ನು ಒಣಶುಂಠಿಯ ಜೊತೆ ಕುದಿಸಿ, ಅತ್ತರು ಮಾರುವವನಿಂದ ಕೊಂಡ ಪನ್ನೀರಿನ ಖಾಲಿ ಸೀಸೆಯಲ್ಲಿ ತುಂಬಿ, ಚಿಗವ್ವ ಆಯಿಯ ಕೋಣೆಯಲ್ಲಿಟ್ಟಳು. ಪೂಜೆಯಾದ ಮೇಲೆ ಒಂದು ಬಟ್ಟಲು. ಮೊದಮೊದಲು ಆಯಿ ಮುಖ ಕಿವುಚಿ ಕುಡಿದಳು. ಮಳೆಗಾಲ ಕಳೆಯುವ ಹೊತ್ತಿಗೆ ಕಂಬ ಹಿಡಿದು ತಾನೇ ಏಳತೊಡಗಿದಳು. ಚಿಗವ್ವನಿಗೆ ಒಂದು ಒಳ್ಳೆಯ ಮಾತು ಬಂತೇ? ಇಲ್ಲ. ಆದರೆ ತಡವಾದರೆ ಮಾತ್ರ ಕೂಗು ಬರುತ್ತಿತ್ತು: “ಬಂದಳಿಕಿ ಔಷಧ ಎಲ್ಲ್ಯದ?” ಹೀಗೆ ಆ ಕಷಾಯಕ್ಕೆ ಬಂದಳಿಕಿ ಔಷಧ ಎಂದು ಹೆಸರಾಯಿತು.

ಮರುವರ್ಷ ಗಿಡಕ್ಕೆ ಹುಳ ಬಿತ್ತು. ಎಲೆಯ ಬುಡದಲ್ಲಿ ಜೋಳದ ಹಿಟ್ಟು ಉದುರಿದ ಹಾಗೆ ಬೆಳ್ಳಗೆ ಅಂಟಿಕೊಂಡು ಕೂತಿತ್ತು. ಬೆರಳಲ್ಲಿ ಒತ್ತಿದರೆ ಕೆಂಪು ನೀರು. ಎಲೆಗಳು ಹಳದಿಯಾಗತೊಡಗಿದವು. ಚಿಗವ್ವನಿಗೆ ಅನ್ನ ಸೇರಲಿಲ್ಲ. ಆ ಗಿಡ ಹೋದರೆ ಆಯಿಯ ಮೊಣಕಾಲು ಹೋಯಿತು. ಆಯಿಯ ಮೊಣಕಾಲು ಹೋದರೆ ಈ ಮನೆಯಲ್ಲಿ ತನ್ನಿಂದ ಏನಾಗುತ್ತದೆ ಎಂದು ತೋರಿಸಲು ಅವಳಲ್ಲಿ ಬೇರೇನಿತ್ತು? ಆ ವಯಸ್ಸಿಗೆ ನನಗೆ ಇದು ಇಷ್ಟು ಸ್ಪಷ್ಟವಾಗಿ ತಿಳಿದಿರಲಿಲ್ಲ. ಅವಳು ಉಣ್ಣುವುದನ್ನು ಬಿಟ್ಟದ್ದು ಮಾತ್ರ ಕಾಣುತ್ತಿತ್ತು.

ಮೊದಲು ಒಲೆಯ ಬೂದಿ ಉದುರಿಸಿದಳು. ಹುಳಕ್ಕೆ ಅದು ಹಾಸಿಗೆಯಾಯಿತು. ಆಮೇಲೆ ಬಳ್ಳೊಳ್ಳಿ, ಹಸಿಮೆಣಸಿನಕಾಯಿ ಅರೆದು ನೀರು ಮಾಡಿದಳು. ಗಾಳಿ ನಮ್ಮ ಕಡೆ ತಿರುಗಿ ನನ್ನ ಕಣ್ಣು ಸಂಜೆಯವರೆಗೆ ಉರಿದವು, ಅವ್ವ ಇಬ್ಬರನ್ನೂ ಸೇರಿಸಿ ಬೈದಳು. ನೆರೆಮನೆಯವರು ಯಾರೋ ಹೇಳಿದರೆಂದು ಚಿಮಣಿ ಎಣ್ಣೆಗೆ ಸಬಕಾರದ ನೀರು ಕಲಸಿ ಚಿಮುಕಿಸಿದಳು, ಅದೂ ಏರು ಬಿಸಿಲಿನಲ್ಲಿ. ಮರುದಿನ ಎಲೆಗಳ ಮೇಲೆ ಸುಟ್ಟ ರೊಟ್ಟಿಯಂಥ ಕಪ್ಪು ಮಚ್ಚೆ. ಪ್ರತಿ ಸಲವೂ ನಾನು ಕೇಳುತ್ತಿದ್ದೆ, ಏನೂ ಆಗುವುದಿಲ್ಲವೇ ಎಂದು. ಪ್ರತಿ ಸಲವೂ ಅದೇ ಉತ್ತರ.

“ಮನ್ಯಾಗ ಮಾಡಿದ್ದಲ್ಲೇನ, ಏನಾಗ್ತದ?”

ಈ ಮಾತನ್ನು ನಾನು ಈಗಲೂ ಕೇಳುತ್ತೇನೆ. ನನ್ನ ಮೊಮ್ಮಗಳು ತನ್ನ ಮನೆಯ ಗ್ಯಾಲರಿಯಲ್ಲಿ ಆರ್ಕಿಡ್ ತೂಗುಹಾಕಿದ್ದಾಳೆ. ಅಂಗಡಿಯ ಔಷಧದ ಮೇಲೆ ತಲೆಬುರುಡೆ ಚಿತ್ರ ಇರುತ್ತದೆ, ಅದು ಬೇಡ, ಮನೆಯಲ್ಲೇ ಮಾಡಿಕೊಳ್ಳುತ್ತೇನೆ ಎನ್ನುತ್ತಾಳೆ. ಮಾಡಿಕೋ ತಾಯಿ. ಆದರೆ ಅಂಗಡಿಯ ಸೀಸೆಗೆ ಒಂದು ತಲೆಬುರುಡೆಯಾದರೂ ಇರುತ್ತದೆ, ಮನೆಯ ಸೀಸೆಗೆ ಅದನ್ನು ಯಾರು ಅಂಟಿಸುತ್ತಾರೆ? ಅಡುಗೆಮನೆಯಲ್ಲಿ ಕುದಿಸಿದ್ದೆಲ್ಲ ಸಾರಲ್ಲ ಎಂದರೆ ಮುದುಕಿಯ ಮಾತು ಎಂದು ನಗುತ್ತಾಳೆ.

ಕೊನೆಗೆ ಚಿಗವ್ವನ ಕಣ್ಣು ಆಯಿಯ ಎಲೆಸಂಚಿಯ ಮೇಲೆ ಬಿತ್ತು. ಆಯಿ ತಂಬಾಕಿನ ಎಲೆ ತಿಂದು ದಂಟು ಎಸೆಯುತ್ತಿದ್ದಳು. ಆ ದಂಟುಗಳನ್ನು ಆಯ್ದು, ನೀರಿನಲ್ಲಿ ನೆನೆಹಾಕಿ, ಚಹದ ಬಣ್ಣ ಬರುವವರೆಗೆ ಕುದಿಸಿ ಸೋಸಿದಳು. ಚಿಮುಕಿಸಲು ಏನು ಮಾಡುವುದು? ಮದುವೆಯಲ್ಲಿ ಬೀಗರ ಮೇಲೆ ಪನ್ನೀರು ಚಿಮುಕಿಸುವ ಹಿತ್ತಾಳೆಯ ಗುಲಾಬದಾನಿ ಅಟ್ಟದ ಮೇಲಿತ್ತು, ಅದನ್ನೇ ಇಳಿಸಿದಳು. ಹುಳ ಪಟಪಟ ಉದುರಿದವು. ಎರಡನೆಯ ಸಲಕ್ಕೆ ಎಲೆಯ ಬುಡ ಚೊಕ್ಕಟವಾಯಿತು. ಚಿಗವ್ವ ನನ್ನನ್ನು ಎತ್ತಿ ತಿರುಗಿಸಿಬಿಟ್ಟಳು, ಅಷ್ಟು ಖುಷಿ ಅವಳಿಗೆ. ಮಿಕ್ಕ ನೀರನ್ನು ಚೆಲ್ಲಲು ಮನಸ್ಸು ಬರಲಿಲ್ಲ. ಇನ್ನೊಂದು ಪನ್ನೀರಿನ ಖಾಲಿ ಸೀಸೆಗೆ ತುಂಬಿ ಬಚ್ಚಲ ಗೋಡೆಯ ಮಾಡದಲ್ಲಿ, ಅಂದರೆ ಹಣತೆ ಇಡುವ ಗೂಡಿನಲ್ಲಿ ಇಟ್ಟಳು. ಏನದು ಎಂದು ನಾನು ಕೇಳಿದಾಗ, ಬಂದಳಿಕೆಗೆ ಹಾಕುವ ಔಷಧವಾದ್ದರಿಂದ ಅವಳ ಬಾಯಲ್ಲಿ ಬಂದದ್ದು ಇದು.

“ಬಂದಳಿಕಿ ಔಷಧ.”

ಒಂದು ಮುಂಜಾನೆ ಆಯಿಯ ಕೋಣೆಯ ಸೀಸೆ ಬರಿದಾಗಿತ್ತು. ಹೊಸ ಕಷಾಯವನ್ನು ಚಿಗವ್ವ ಆಗಲೇ ಕುದಿಸಿ ಅಡುಗೆಮನೆಯ ಒಲೆಯ ಹಿಂದೆ ಆರಲು ಇಟ್ಟಿದ್ದಳು. ಅವ್ವನಿಗೆ ಅದು ಗೊತ್ತಿರಲಿಲ್ಲ. ಚಿಗವ್ವ ಹಿತ್ತಲಲ್ಲಿ ಏಣಿ ಹತ್ತಿ ಗಿಡಕ್ಕೆ ಗೋಣಿ ಹೊದಿಸುತ್ತಿದ್ದಳು. ಅವ್ವ ರೊಟ್ಟಿ ಬಡಿಯುತ್ತಿದ್ದಳು, ನಾನು ಪಕ್ಕದಲ್ಲಿ ಕೂತು ಪುಂಡಿಪಲ್ಯ ಹಚ್ಚಿಕೊಂಡು ತಿನ್ನುತ್ತಿದ್ದೆ. ಆಯಿ ಕೂಗಿದಳು, ಬಂದಳಿಕಿ ಔಷಧ ತಾ ಎಂದು. ಅವ್ವ ಹಿಟ್ಟಿನ ಕೈಯಲ್ಲೇ ಹಿತ್ತಲ ಬಾಗಿಲಿಗೆ ಹೋದಳು.

“ತಂಗೀ, ಬಂದಳಿಕಿ ಔಷಧ ಎಲ್ಲಿಟ್ಟೀ?”

ಏಣಿಯ ಮೇಲಿದ್ದವಳ ಮನಸ್ಸೆಲ್ಲ ಗಿಡದಲ್ಲಿ. ಅಕ್ಕ ತನಗೇ ತಂದುಕೊಡಲು ಕೇಳುತ್ತಿದ್ದಾಳೆ ಎಂದುಕೊಂಡಳು.

“ಬಚ್ಚಲ ಮಾಡದಾಗ ಅದ ನೋಡ ಅಕ್ಕಾ!”

ಅವ್ವ ಸೀಸೆ ತೆಗೆದುಕೊಂಡಳು. ಅದೇ ಪನ್ನೀರಿನ ಸೀಸೆ, ಅದೇ ಕಂದು ಬಣ್ಣ. ಬಟ್ಟಲಿಗೆ ಸುರಿದು ಕೊಟ್ಟು ಬಂದು ಮತ್ತೆ ರೊಟ್ಟಿಗೆ ಕೂತಳು. ಅಂಗಳದಾಚೆಯಿಂದ ಆಯಿಯ ಗೊಣಗು ಕೇಳಿತು, ಇವತ್ತು ಶುಂಠಿ ಎಷ್ಟು ಸುರಿದಾಳ ಈ ಬಂದಳಿಕಿ ಎಂದು. ಆ ರೊಟ್ಟಿ ಹಂಚಿನಿಂದ ಇಳಿಯುವ ಮೊದಲೇ ಬಟ್ಟಲು ಕಲ್ಲಿನ ಮೇಲೆ ಬಿದ್ದ ಸದ್ದಾಯಿತು. ನಾವು ಓಡಿಹೋದಾಗ ಆಯಿ ಕಂಬಕ್ಕೆ ಒರಗಿದ್ದಳು. ಮುಖ ಬಿಳಿಚಿ ಬೆವರು ಧಾರೆಯಾಗಿ ಇಳಿಯುತ್ತಿತ್ತು. ಬಾಯಲ್ಲಿ ಜೊಲ್ಲು, ಕೈಕಾಲು ನಡುಗುತ್ತಿದ್ದವು. ಆಮೇಲೆ ವಾಂತಿ ಶುರುವಾಯಿತು, ನಿಲ್ಲಲೇ ಇಲ್ಲ. ಚಿಗವ್ವ ಏಣಿಯಿಂದ ಇಳಿದು ಬಂದವಳು ನೆಲದ ಮೇಲಿನ ಬಟ್ಟಲು ಮೂಸಿ ನೋಡಿದಳು. ಅವಳು ಕಿರುಚಿದ್ದು ಇಂದಿಗೂ ನನ್ನ ಕಿವಿಯಲ್ಲಿದೆ.

ಓಣಿಯ ತುದಿಯ ಹಕೀಮರು ಬಂದರು. ನಾಡಿ ಹಿಡಿದು ಕೂತು, ಮಾಡುವುದನ್ನೆಲ್ಲ ಮಾಡಿದರು. ಬಿಸಿಲು ಏರುವ ಹೊತ್ತಿಗೆ ಆಯಿಯ ನಡುಕ ಇಳಿಯಿತು, ಕಣ್ಣು ತೆರೆದು ನಮ್ಮನ್ನು ಗುರುತಿಸಿದಳು. ಹಕೀಮರು ಸೀಸೆ ತರಿಸಿ ಮೂಗಿನ ಬಳಿ ಹಿಡಿದು, ಪಡಸಾಲೆಯಲ್ಲಿ ಅಪ್ಪನ ಮುಂದೆ ಇಟ್ಟರು. ಬಾಗಿಲ ಹಿಂದೆ ನಾವೆಲ್ಲ ನಿಂತಿದ್ದೆವು.

“ತಂಬಾಕು ಕುದಿಸಿದ ನೀರು ಇದು, ಸಾವಕಾರ್. ಮಾಜೀಗೆ ತಂಬಾಕು ತಿನ್ನೋ ಆದತ್ ಇತ್ತು, ಬಚಾವಾದ್ರು. ಈ ಬಚ್ಚಿ ಕುಡದಿದ್ರ,” ಎಂದು ಬಾಗಿಲ ಸಂದಿಯಲ್ಲಿದ್ದ ನನ್ನ ಕಡೆ ಬೆರಳು ಮಾಡಿದರು, “ನಾನು ಬರೋದ್ರಾಗ ಖತಂ.”

ಗಿಡದ ಹುಳಕ್ಕೆ ಮಾಡಿದ್ದು ಎಂದು ಅಪ್ಪ ಹೇಳಿದ. ಹಕೀಮರು ಎದ್ದವರು ಮತ್ತೆ ಕೂತರು.

“ಯಾವ ಬೇರು ಕುದಿಸಿ ಕುಡೀತಾರೋ ಅದೇ ಬೇರಿನ ಮ್ಯಾಲ ಜಹರ್ ಹೊಡೀತೀರೇನು? ತೋಬಾ ತೋಬಾ! ಸೀಸೆ ಅದಲು ಬದಲಾಗದಿದ್ರೂ ಮಾಜೀ ಹೊಟ್ಟಿಗೆ ಹೋಗೋದು ಇದೇ ಅಲ್ಲ?”

ಬಾಗಿಲ ಹಿಂದೆ ಚಿಗವ್ವ ಕುಸಿದು ಕೂತಳು. ಆ ಯೋಚನೆ ನಮ್ಮಲ್ಲಿ ಯಾರಿಗೂ ಬಂದಿರಲಿಲ್ಲ, ಅವಳಿಗೂ.

ಗಂಜಿಗೆ ಸುದ್ದಿ ಮುಟ್ಟಲು ಎಷ್ಟು ಹೊತ್ತು! ಗಂಡ ಸತ್ತವಳು ಅತ್ತೆಗೆ ವಿಷ ಹಾಕಿದಳಂತೆ ಎಂದು ತೂಕದ ಕಟ್ಟೆಯ ಮೇಲೆ ಮಾತಾಯಿತು. ಅಪ್ಪ ಮರುದಿನ ಊಟಕ್ಕೆ ಕೂತವನು ತಟ್ಟೆಯನ್ನೇ ನೋಡುತ್ತಾ, ಬಡಿಸುತ್ತಿದ್ದ ಅವ್ವನಿಗೆ ಹೇಳಿದ.

“ಶರಣಪ್ಪಗ ಹೇಳಿ ಕಳಿಸೀನಿ. ಬಂದು ಕರ್ಕೊಂಡು ಹೋಗ್ತಾನ.”

“ಬಟ್ಟಲಾ ಕೊಟ್ಟಾಕಿ ನಾ ರೀ. ನನಗ್ಯಾಕ ತವರಿಗಿ ಕಳಸಂಗಿಲ್ಲ?”

“ಆಕಿ ಮನಸಿನ್ಯಾಗ ಏನಿಲ್ಲಂತ ನಂಗ ಗೊತ್ತಿಲ್ಲೇನು? ಮಂದಿ ಬಾಯಿ ತಣ್ಣಗಾಗೂ ತನಕ ಇರ್ಲಿ ಅಲ್ಲೇ.”

“ಗಂಡಿಲ್ಲದಾಕಿ ಹಂಗ ಹೋದ್ರ ತಿರಗಿ ಬರ್ತಾಳೇನ್ರಿ?”

ಅಪ್ಪ ರೊಟ್ಟಿ ಮುರಿದ. ಒಳ್ಳೆಯವನೇ ನನ್ನ ಅಪ್ಪ. ಆದರೆ ಗಂಜಿನ ಬಾಯಿಗೆ ಅಂಜುವವರ ಒಳ್ಳೆಯತನ ಯಾರಿಗೆ ಬೇಕು? ನಾನು ಅವತ್ತು ಅವನ ನೀರಿನ ತಂಬಿಗೆ ತುಂಬಲಿಲ್ಲ. ಅವನಿಗೆ ಅದು ಗೊತ್ತೂ ಆಗಲಿಲ್ಲವೆನ್ನಿ.

ಶರಣಪ್ಪ ಬಂದ. ಇಂಥ ಹೊತ್ತಿನಲ್ಲೂ ರೂಢಿ ಬಿಡದೆ ಒಂದು ಕೆಂಪು ಬಾಳೆಗೊನೆ ತಂದಿದ್ದ. ಅದನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಅಂಗಳದಲ್ಲಿ ಹಿಡಿದುಕೊಂಡೇ ನಿಂತ. ಚಿಗವ್ವನ ಟ್ರಂಕು ಹೊಸ್ತಿಲ ಬಳಿ ಬಂದಿತ್ತು. ಅವಳು ಬೇವಿನ ಮರದಿಂದ ಕೊಂಬೆ ಬಿಚ್ಚಿ, ಮೊದಲು ಬಂದಾಗಿನಂತೆ ಗೋಣಿಯಲ್ಲಿ ಸುತ್ತಿ, ಎದೆಗೆ ಒತ್ತಿಕೊಂಡು ಬಂದಳು. ನಾನು ಅವಳ ಸೆರಗು ಹಿಡಿದು ಅಳುತ್ತಿದ್ದೆ. ಆಯಿಯ ಪಾದ ಮುಟ್ಟಲು ಅವಳು ಕೋಣೆಯ ಬಾಗಿಲಿಗೆ ಹೋದಳು. ಆಯಿ ಹೊರಸಿನ ಮೇಲೆ ಎದ್ದು ಕೂತಿದ್ದಳು. ಇನ್ನೂ ಸೋತ ದನಿ, ಆದರೆ ಅದೇ ನಿಜಾಮನ ದನಿ.

“ನಿಲ್ಲ. ಎಲ್ರಿಗೂ ಕರೀರಿ.”

ಅಪ್ಪ, ಅವ್ವ, ಗೊನೆ ಹಿಡಿದ ಶರಣಪ್ಪ, ಎಲ್ಲರೂ ಬಾಗಿಲ ಬಳಿ ಬಂದು ನಿಂತರು. ಆಯಿ ಮೊದಲು ಅವ್ವನನ್ನು ಕೇಳಿದಳು.

“ನಾ ನಿನ್ನ ಏನ್ ಕೇಳ್ದೆ?”

“ಬಂದಳಿಕಿ ಔಷಧ ತಾ ಅಂದ್ರಿ.”

“ನೀ ಇಕಿಗಿ ಏನ್ ಕೇಳ್ದಿ?”

“ಬಂದಳಿಕಿ ಔಷಧ ಎಲ್ಲಿಟ್ಟಿ ಅಂದೆ.”

“ನೀ ಏನಂದಿ?”

ಚಿಗವ್ವ ಗೋಣಿಯ ಮೇಲೆ ಮುಖವಿಟ್ಟು ಹೇಳಿದಳು.

“ಬಚ್ಚಲ ಮಾಡದಾಗ ಅದ ಅಂದೆ ರೀ ಅತ್ತಿ. ಗಿಡದ್ದು ಕೇಳ್ತಾಳಂತ ತಿಳಕೊಂಡೆ.”

ಆಯಿ ಅಪ್ಪನ ಕಡೆ ತಿರುಗಿದಳು.

“ಇದ್ರಾಗ ಸುಳ್ಳು ಯಾರು ಹೇಳ್ಯಾರ, ನೀನೇ ಹೇಳಪ್ಪ. ಒಂದು ಹೆಸರಿಗಿ ಎರಡು ಸೀಸಿ ಇಟ್ರ ಮತ್ತೇನಾಗ್ತದ? ಇನ್ನ ಮ್ಯಾಲ ಹುಳಾ ಕೊಲ್ಲೂದಕ್ಕ ಯಾರರೆ ಔಷಧ ಅಂದ್ರ ಹಲ್ಲು ಉದುರಸ್ತೀನಿ. ಅದು ಇಸ. ಇಸಕ್ಕ ಇಸ ಅನ್ರಿ. ಕೇಳ್ದೇನವ್ವ? ಹುಳಾ ಬಿದ್ರ ತೊಯ್ಸಿದ ಅರಿವೀಲೆ ಒರಸ. ದೇವ್ರು ಎರಡು ಕೈ ಕೊಟ್ಟಾನಿಲ್ಲ ನಿನಗ?”

“ಅವ್ವಾ, ಗಂಜಿನ್ಯಾಗ ಮಂದಿ...” ಎಂದು ಅಪ್ಪ ಬಾಯಿ ತೆರೆದ.

“ಇಸಾ ಕುಡದಾಕಿ ನಾನೋ ಗಂಜಿನ ಮಂದೀನೋ? ಆ ಟ್ರಂಕು ಒಳಗಿಡ. ನಾಳಿಂದ ನನ್ನ ಮೊಣಕಾಲು ತಿಕ್ಕೋರು ಯಾರು, ನೀ ತಿಕ್ತೇನು?”

ಅಪ್ಪ ತಾನೇ ಹೋಗಿ ಟ್ರಂಕು ಎತ್ತಿದ. ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಆಯಿಯ ಕಣ್ಣು ಚಿಗವ್ವನ ತೋಳಲ್ಲಿದ್ದ ಗೋಣಿಯ ಮೇಲೆ ಇತ್ತು. ಅಲ್ಲಿಂದ ಮೇಲೇರಿ ಚಿಗವ್ವನ ಮುಖದ ಮೇಲೆ ನಿಂತಿತು. ಮಾತು ಮುಗಿಯಿತೆಂದು ನಾವು ತಿಳಿದಿದ್ದೆವು.

“ಇನ್ನೊಂದು,” ಎಂದಳು. “ಬಂದಳಿಕಿ ಅಂದ್ರ ಈ ಮನ್ಯಾಗ ಇನ್ನ ಗಿಡ ಒಂದೇ. ಹೆಸರಿನ್ಯಾಗ ಹೆಸರು ಕೂಡಿ ಒಮ್ಮಿ ಸಾಯ್ಲಿಕ್ಕಾದದ್ದು ಸಾಕು ನಂಗ.”

ಚಿಗವ್ವ ಕೊಂಬೆಯನ್ನು ನನ್ನ ಕೈಗೆ ಕೊಟ್ಟು ಕಣ್ಣೊರೆಸಿಕೊಳ್ಳಲು ಆಚೆ ತಿರುಗಿದಳು. ಆಯಿ ಹೊರಸಿನ ಮೇಲೆ ಒರಗಿ, ಗಂಟಲು ಸರಿಮಾಡಿಕೊಂಡು ಕರೆದಳು.

“ಗೌರಾ, ನೀರು ಕೊಡ.”

ಚಿಗವ್ವ ಆಯಿಯ ಕಡೆ ತಿರುಗಲೇ ಇಲ್ಲ. ಅಂಗಳದ ಕಡೆ ನೋಡಿ ಕೇಳಿದಳು.

“ಏನಣ್ಣಾ?”

ಶರಣಪ್ಪ ಬಾಳೆಗೊನೆಯನ್ನು ನೆಲಕ್ಕಿಟ್ಟ.

“ನಾ ಕರೀಲಿಲ್ಲವ್ವ,” ಎಂದ.